ಗಾಡಿ ಬರುವವರೆಗೆ ದೀಪವಿಲ್ಲ

ನಮ್ಮ ಮನೆಯಲ್ಲಿ ಮುಸ್ಸಂಜೆ ದೀಪ ಹಚ್ಚಿದ ಮೇಲೆ ಕಸ ಹೊಸ್ತಿಲು ದಾಟುವುದಿಲ್ಲ. ಗುಡಿಸುವುದಿಲ್ಲ, ಚೆಲ್ಲುವುದಿಲ್ಲ, ಬಾಚಣಿಗೆಗೆ ಸಿಕ್ಕ ಕೂದಲನ್ನು ಕೂಡ ಆಚೆ ಎಸೆಯುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಒಳಗೆ ಬರುತ್ತಾಳೆ, ಆಗ ಕಸ ಹೊರಗೆ ಹಾಕಿದರೆ ಅವಳೂ ಅದರ ಜೊತೆಗೇ ಹೊರಟುಬಿಡುತ್ತಾಳೆ ಎಂದು ನಮ್ಮ ಅತ್ತೆ ಹೇಳಿಕೊಟ್ಟಿದ್ದರು. ಲಕ್ಷ್ಮಿಗೆ ಅಷ್ಟು ಬೇಗ ಸಿಟ್ಟು ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಅತ್ತೆಗೆ ಬರುತ್ತಿತ್ತು, ಅಷ್ಟು ಸಾಕಾಗಿತ್ತು. ಈಗ ಅತ್ತೆ ಇಲ್ಲ. ಅವರ ಸಿಟ್ಟು ಮಾತ್ರ ಶಕುಂತಲಮ್ಮನ, ಅಂದರೆ ನನ್ನ, ಪಾಲಿಗೆ ಬಂದಿದೆ ಎಂದು ಓಣಿಯವರು ಹೇಳುತ್ತಾರೆ. ಹೇಳಲಿ, ನನ್ನ ಎದುರಿಗೆ ಯಾರೂ ಹೇಳಿಲ್ಲ.

ಶಿರಾಳಕೊಪ್ಪದಲ್ಲಿ ನಮ್ಮದು ಉದ್ದನೆಯ ಓಣಿ. ಒಂದು ತುದಿಗೆ ನಮ್ಮ ಮನೆ, ಇನ್ನೊಂದು ತುದಿಗೆ ಗುಡ್ಡಮ್ಮನ ಮನೆ, ನಡುವೆ ಹಳೇ ಬಾವಿ. ಬಾವಿಯ ಪಕ್ಕ ಒಂದು ದೊಡ್ಡ ಕಸದ ತೊಟ್ಟಿ ಇತ್ತು. ತೊಟ್ಟಿಯೊಳಗೆ ಸ್ವಲ್ಪ ಕಸ, ಹೊರಗೆ ಉಳಿದಿದ್ದೆಲ್ಲ. ಹಂದಿ, ನಾಯಿ, ಯಾರದೋ ಬಿಟ್ಟ ದನ, ಎಲ್ಲಕ್ಕೂ ಅದೇ ಊಟದ ಮನೆ. ಪಂಚಾಯ್ತಿಯವರು ಒಂದು ದಿನ ಆ ತೊಟ್ಟಿ ಎತ್ತಿಕೊಂಡು ಹೋದರು. ಇನ್ನು ಮುಂದೆ ಗಾಡಿಯೇ ಮನೆ ಬಾಗಿಲಿಗೆ ಬರುತ್ತದೆ, ಹಸಿ ಕಸ ಬೇರೆ ಒಣ ಕಸ ಬೇರೆ ಮಾಡಿ ಕೊಡಿ ಎಂದು ಮನೆಗೊಂದು ಹಸಿರು ಬಕೀಟು, ಒಂದು ನೀಲಿ ಬಕೀಟು ಕೊಟ್ಟರು. ನನಗೆ ಬಕೀಟು ಬಹಳ ಹಿಡಿಸಿತು. ಹಿಡಿಸದಿದ್ದುದು ಗಾಡಿಯ ಹೊತ್ತು.

ಇರುವುದು ಒಂದು ಆಟೋ. ಅದು ಹಗಲೆಲ್ಲ ಸಂತೆ ಮಾಳ, ಬಸ್ ಸ್ಟ್ಯಾಂಡು, ಹೋಟೆಲುಗಳ ಕಸ ತುಂಬಿಕೊಂಡು, ಊರಾಚೆಯ ಗೊಬ್ಬರದ ಘಟಕದಲ್ಲಿ ಇಳಿಸಿ, ನಮ್ಮ ಓಣಿಗೆ ಬರುವಾಗ ಆರೂವರೆ. ಚಳಿಗಾಲದ ಆರೂವರೆ ಎಂದರೆ ದೀಪ ಹಚ್ಚಿ, ಊದುಬತ್ತಿ ಬೆಳಗಿ, ನಾನು ಒಲೆ ಮುಂದೆ ಇರುವ ಹೊತ್ತು. ಆಗ ಬಂದು ಕಸ ಕೊಡಿ ಎಂದರೆ?

ಕೊಡುವುದಿಲ್ಲ ಎಂದು ಹೇಳಲು ನಾನು ಸಿದ್ಧಳಾಗಿಯೇ ಇದ್ದೆ. ಮೊದಲ ಸಂಜೆ ಗಾಡಿ ಹಾಡು ಹಾಕಿಕೊಂಡು ಬರುವುದು ಕೇಳಿಸಿದಾಗ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದೆ. ಹೇಳಬೇಕಾದ ನಾಲ್ಕು ಮಾತು ನಾಲಗೆಯ ತುದಿಯಲ್ಲಿತ್ತು. ಗಾಡಿ ಓಡಿಸುತ್ತಿದ್ದವಳು ಒಬ್ಬ ಹುಡುಗಿ, ಖಾಕಿ ಅಂಗಿ, ಎರಡು ಜಡೆ. ನನ್ನನ್ನು ನೋಡಿದಳು, ಹೊಸ್ತಿಲ ಮೇಲಿನ ದೀಪ ನೋಡಿದಳು, ತಲೆ ತಗ್ಗಿಸಿ ಮುಂದೆ ಹೋದಳು. ನಿಲ್ಲಿಸಲೇ ಇಲ್ಲ.

ಮರುದಿನವೂ ಅದೇ. ಅದರ ಮರುದಿನವೂ ಅದೇ. ಇಡೀ ಓಣಿಯಲ್ಲಿ ಒಂದು ಬಾಗಿಲ ಮುಂದೆಯೂ ನಿಲ್ಲಿಸದೆ, ಖಾಲಿ ಗಾಡಿಯಲ್ಲಿ ಹಾಡು ಹಾಕಿಕೊಂಡು ಬಂದಳು, ಹೋದಳು. ನನಗೆ ಮೈಯೆಲ್ಲ ಉರಿಯಿತು. ಇಲ್ಲ ಅನ್ನುವುದಕ್ಕೂ ಕೇಳುವವರು ಬೇಕಲ್ಲ.

ಅಷ್ಟರಲ್ಲಿ ಬಾವಿಯ ಪಕ್ಕದ ಖಾಲಿ ಜಾಗದಲ್ಲಿ ತೊಟ್ಟಿ ಇಲ್ಲದೆಯೇ ಮತ್ತೆ ಗುಡ್ಡೆ ಬೆಳೆಯತೊಡಗಿತು. ನಮ್ಮ ಯಜಮಾನರು ಗುರುಮಲ್ಲಪ್ಪನವರು ಪಾತ್ರೆ ಅಂಗಡಿಯ ಸಾಹುಕಾರರು, ಹೊರಗೆ ಬಹಳ ಗೌರವಸ್ಥರು. ಅವರು ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಗಂಟು ಇರುತ್ತಿತ್ತು. ಬಾವಿ ದಾಟಿದ ಮೇಲೆ ಗಂಟು ಇರುತ್ತಿರಲಿಲ್ಲ. ಕೇಳಿದರೆ, "ಗಾಡಿ ನಿಲ್ಸಲ್ಲ, ನಾನೇನ್ ಮಾಡ್ಲಿ? ಕಸ ತಗೊಂಡ್ ಹೋಗಿ ಅಂಗಡ್ಯಾಗೆ ಮಾರ್ಲಾ?" ಎಂದರು. ಓಣಿಯ ಎಲ್ಲ ಗೌರವಸ್ಥರೂ ಹೀಗೆಯೇ ಕಂಕುಳಲ್ಲಿ ಗಂಟು ಹಿಡಿದು ಹೊರಡುತ್ತಿದ್ದರು. ಎದುರು ಬದುರಾದರೆ ಹವೆಯ ಬಗ್ಗೆ ಮಾತಾಡುತ್ತಿದ್ದರು.

ಶುಕ್ರವಾರ ಸಂಜೆ ನಾನು ದೀಪ ಹಚ್ಚಿ, ನೇರವಾಗಿ ಓಣಿಯ ನಡುವೆ ಹೋಗಿ ನಿಂತೆ. ಗಾಡಿ ಬಂತು. ಬ್ರೇಕು ಹಾಕದೆ ಅವಳಿಗೆ ಬೇರೆ ದಾರಿ ಇರಲಿಲ್ಲ.

"ಎಂತಕ್ಕೆ ನಮ್ಮನೆ ಮುಂದೆ ನಿಲ್ಸಲ್ಲ ನೀನು?" ಎಂದೆ. ನನ್ನ ತವರು ಸೊರಬದ ಕಡೆ, ಕ್ಯಾಸನೂರಿನ ಹತ್ತಿರ. ಸಿಟ್ಟು ಬಂದಾಗ ತವರಿನ ಮಾತೇ ಮೊದಲು ಬರುತ್ತದೆ.

ಹುಡುಗಿ ಹಾಡು ನಿಲ್ಲಿಸಿ ಕೆಳಗಿಳಿದಳು. "ದೀಪ ಹಚ್ಚಿರ್ತೀರಲ್ರೀ ಅಮ್ಮಾರೆ."

"ಹಚ್ಚಿರ್ತೀನಿ. ಅದಕ್ಕೆ?"

"ದೀಪ ಹಚ್ಚಿದ ಮನಿ ಮುಂದೆ ನಿಂತು ಕಸ ಕೊಡ್ರಿ ಅಂತ ಹೆಂಗ್ ಕೇಳ್ಲಿ? ನಮ್ಮನ್ಯಾಗೂ ಕೊಡಲ್ಲ. ಬ್ಯಾರೆಯವ್ರ ಮನಿ ಲಕ್ಷ್ಮಿನ ನಾನು ಗಾಡ್ಯಾಗೆ ತುಂಬ್ಕೊಂಡ್ ಹೋದಂಗೆ ಆಗ್ತದಲ್ರೀ."

ನಾಲಗೆಯ ತುದಿಯಲ್ಲಿದ್ದ ನಾಲ್ಕು ಮಾತೂ ಎಲ್ಲಿಗೆ ಹೋದವೋ ತಿಳಿಯಲಿಲ್ಲ. ನಾನು ಜಗಳಕ್ಕೆ ಬಂದಿದ್ದೆ, ಅವಳು ನನ್ನ ಪರವಾಗಿಯೇ ನಿಂತಿದ್ದಳು. ಹೆಸರು ದಿವ್ಯ, ಊರು ತಾಳಗುಂದ. ಮಹಿಳಾ ಸಂಘದ ಕಡೆಯಿಂದ ಡ್ರೈವಿಂಗ್ ಕಲಿತು ಈ ಗಾಡಿಗೆ ಬಂದವಳು. ಮನೆಯಲ್ಲಿ ತಾಯಿ ಒಬ್ಬಳೇ ಇದ್ದಾಳೆ. ಈ ಸಂಜೆಯ ಕೆಲಸವನ್ನು ಅವಳಿಗೆ ಕೊಟ್ಟಿದ್ದು ಇನ್ನೂ ನೋಡೋಣ ಎನ್ನುವ ಲೆಕ್ಕದಲ್ಲಿ. ಬೆಳಗಿನ ಪಾಳಿಗೆ ಬೇರೆ ಡ್ರೈವರ್ ಇದ್ದಾನೆ.

"ನಾಳೆ ಸಂಜಿಗೆ ಪಂಚಾಯ್ತಿ ಸಾಹೇಬ್ರು ಬರ್ತಾರಂತೆ" ಎಂದಳು. "ಖಾಲಿ ಗಾಡಿಗೆ ಡೀಸೆಲ್ ಯಾಕೆ ಸುಡ್ಬೇಕು ಅಂತ ಬೈದ್ರು. ನಾಳೆನೂ ಹಿಂಗೇ ಆದ್ರೆ ಈ ಕಡೆ ಸಂಜಿ ಟ್ರಿಪ್ ತೆಗ್ದು, ಆ ತೊಟ್ಟಿ ವಾಪಸ್ ತಂದಿಡ್ತಾರೆ."

"ಮತ್ತೆ ನಿನ್ನ ಕೆಲಸ?"

"ಸಂಜಿ ಟ್ರಿಪ್ ಇಲ್ಲಾಂದ್ರೆ ನಂಗೇನ್ ಕೆಲ್ಸ ಐತ್ರೀ ಅಮ್ಮಾರೆ?" ಎಂದು ನಕ್ಕಳು. ನಗುವ ಮಾತಲ್ಲ ಅದು. ಗಾಡಿ ಹತ್ತಿ, ಹಾಡು ಹಾಕದೆ ಹೊರಟು ಹೋದಳು.

ನಾನು ಒಳಗೆ ಬಂದು ರೊಟ್ಟಿ ತಟ್ಟಲು ಕೂತೆ. ರೊಟ್ಟಿ ಮೂಲೆ ಮೂಲೆಯಾಗಿ ಬಂತು. ಕೊಡುವವಳಿಗೆ ಕೊಡುವ ಮನಸ್ಸಿಲ್ಲ, ಕೇಳುವವಳಿಗೆ ಕೇಳುವ ಮನಸ್ಸಿಲ್ಲ, ಇಬ್ಬರ ಮರ್ಯಾದೆಯ ನಡುವೆ ಬಾವಿ ಪಕ್ಕದ ಹಂದಿಗಳು ಮಾತ್ರ ಚೆನ್ನಾಗಿ ಮೇಯುತ್ತಿವೆ. ದೀಪಕ್ಕೆ ಮುಂಚೆಯೇ ಬಕೀಟು ಹೊರಗೆ ಇಟ್ಟುಬಿಡೋಣ ಎಂದುಕೊಂಡೆ. ನಾಯಿಗಳು ಬಿಡುತ್ತವೆಯೇ? ಅದೂ ಅಲ್ಲದೆ ದೀಪದ ಪಕ್ಕದಲ್ಲೇ ಕಸದ ಬಕೀಟು ಇಟ್ಟು ಲಕ್ಷ್ಮಿಯನ್ನು ಬಾ ಎಂದು ಕರೆಯುವ ಮುಖ ನನಗಿಲ್ಲ.

ಆಗ ನೆನಪಾದದ್ದು ನನ್ನ ತವರು. ನಮ್ಮ ದನಗಳು ಕಾಡಿಗೆ ಮೇಯಲು ಹೋಗುತ್ತಿದ್ದವು. ಅವು ವಾಪಸು ಬಂದು, ಕೊಟ್ಟಿಗೆಯಲ್ಲಿ ಕಟ್ಟಿ, ಸಗಣಿ ಬಾಚಿ ಆಚೆ ಹಾಕಿದ ಮೇಲೆಯೇ ನಮ್ಮವ್ವ ಕೈಕಾಲು ತೊಳೆದು ದೀಪ ಹಚ್ಚುತ್ತಿದ್ದಳು. ಒಂದೊಂದು ದಿನ ದನ ದಾರಿ ತಪ್ಪಿ ತಡವಾಗುತ್ತಿತ್ತು. ನಮ್ಮವ್ವ ಕತ್ತಲಲ್ಲೇ ಕಾಯುತ್ತಿದ್ದಳು, ಗಡಿಯಾರ ನೋಡಿ ದೀಪ ಹಚ್ಚಿದ್ದು ನಾನು ಕಂಡಿಲ್ಲ. ನಮ್ಮ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಹಾಗಿದ್ದೂ ಲಕ್ಷ್ಮಿ ನಮ್ಮನ್ನು ಬಿಟ್ಟು ಹೋಗಲಿಲ್ಲ. ಶ್ರೀಮಂತರನ್ನಾಗಿ ಮಾಡಲಿಲ್ಲ, ಅದು ಬೇರೆ ಮಾತು.

ಶನಿವಾರ ಬೆಳಿಗ್ಗೆ ಪೂಜೆ ಮುಗಿಸಿದವಳೇ ಮನೆ ಮನೆ ತಿರುಗಿದೆ. ಇವತ್ತು ಕಸದ ಗಾಡಿ ಬಂದು ಹೋಗುವವರೆಗೆ ಯಾರೂ ದೀಪ ಹಚ್ಚಬಾರದು ಎಂದೆ. ಎದುರು ಮನೆಯ ಬಂಗಾರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಹೊತ್ತು ಮೀರ್ತದಲ್ರೀ ಶಕುಂತ್ಲಕ್ಕ. ಬರೀ ಕಸಕ್ಕೋಸ್ಕರ ದೀಪ ತಡ ಮಾಡದಾ?"

"ದನಕ್ಕೋಸ್ಕರ ತಡ ಮಾಡ್ತಿರ್ಲಿಲ್ವಾ ನಿಮ್ಮ ಹಿರಿಯರು? ಕೊಟ್ಟಿಗೆ ಚೊಕ್ಕ ಆದ್ಮೇಲೆ ದೀಪ. ಈಗ ದನ ಇಲ್ಲ, ಗಾಡಿ ಅದೆ. ಮನೆ ಕಸ ಹೋದ್ಮೇಲೆ ದೀಪ. ಇದ್ರಲ್ಲಿ ಹೊಸದು ಎಂತದು?"

ಬಂಗಾರಮ್ಮನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ನನ್ನ ಜೊತೆ ವಾದ ಮಾಡುವುದಕ್ಕಿಂತ ಕತ್ತಲಲ್ಲಿ ಕೂರುವುದು ಸುಲಭ ಎಂದು ಅವಳಿಗೆ ಹಳೆಯ ಅನುಭವವಿದೆ. ತುದಿ ಮನೆಯ ಗುಡ್ಡಮ್ಮನಿಗೆ ಕಿವಿ ಮಂದ, ಕಣ್ಣೂ ಅಷ್ಟಕ್ಕಷ್ಟೇ. ಎಲ್ಲವನ್ನೂ ಕೇಳಿ, "ನಂಗೆ ಹಗ್ಲಾದ್ರೂ ಒಂದೇ, ಕತ್ಲಾದ್ರೂ ಒಂದೇ. ನೀ ಹೇಳಿದ್ಮ್ಯಾಗೆ ಹಚ್ತೀನಿ ಬಿಡು" ಎಂದಳು. ಮಧ್ಯಾಹ್ನದ ಬಸ್ಸಿನಿಂದ ಇಳಿದ ದಿವ್ಯಳನ್ನು ದಾರಿಯಲ್ಲೇ ಹಿಡಿದು ಹೇಳಿದೆ: "ನೀನು ಬರೋತನಕ ನಮ್ಮ ಓಣಿಯಲ್ಲಿ ದೀಪ ಇಲ್ಲ. ಎಲ್ಲ ಬಾಗಿಲಿಗೂ ನಿಲ್ಸು."

ಅವಳು ಹ್ಞೂಂ ಎಂದು ಹೊರಟಳು. ನಂಬಿಕೆ ಬಂದಂತೆ ಕಾಣಲಿಲ್ಲ.

ಸಂಜೆಯಾಯಿತು. ನಮ್ಮಲ್ಲಿ ದೇವರ ದೀಪ ಹಚ್ಚದೆ ಕರೆಂಟಿನ ದೀಪ ಹಾಕುವ ಪದ್ಧತಿ ಇಲ್ಲ, ಅದು ಓಣಿಯ ಎಲ್ಲ ಮನೆಗಳ ಪದ್ಧತಿ. ಆದ್ದರಿಂದ ಹೊತ್ತು ಮುಳುಗಿದ ಮೇಲೆ ನಮ್ಮ ಓಣಿಯೊಂದೇ ಕಪ್ಪಾಗುತ್ತ ಬಂತು. ಹೆಂಗಸರು ಎರಡೆರಡು ಬಕೀಟು ಹಿಡಿದು ಕಟ್ಟೆಗಳ ಮೇಲೆ ಬಂದು ಕೂತರು. ಮೊದಮೊದಲು ಮಜವಾಗಿತ್ತು. ಯಾರೋ ಹಾಡು ಹೇಳಿದರು, ಯಾರೋ ಕಡಲೆ ಹಂಚಿದರು. ಒಳಗೆ ನಮ್ಮ ಯಜಮಾನರು ಕನ್ನಡಕ ಹುಡುಕುತ್ತ ತಾಮ್ರದ ಕೊಡ ಒದ್ದ ಸದ್ದು ಎಲ್ಲರಿಗೂ ಕೇಳಿಸಿತು. ಪಾತ್ರೆ ವ್ಯಾಪಾರಿಯ ಮನೆ, ಒದೆಯಲು ಪಾತ್ರೆಗಳಿಗೆ ಬರವಿಲ್ಲ.

ಆರೂವರೆ ಆಯಿತು. ಗಾಡಿ ಬರಲಿಲ್ಲ. ಬೈಕಿನಲ್ಲಿ ಬಂದವರು ಸಾಹೇಬರು, ಪಂಚಾಯ್ತಿಯ ಮುಖ್ಯಾಧಿಕಾರಿ ಚಂದ್ರಶೇಖರ್. ಓಣಿಯ ಬಾಯಿಗೆ ಬೈಕು ನಿಲ್ಲಿಸಿ ಒಳಗೆ ಇಣುಕಿದರು.

"ಏನ್ರಮ್ಮ, ಕರೆಂಟ್ ಹೋಗಿದೆಯಾ?"

"ಇಲ್ಲ ಸಾಹೇಬ್ರೆ. ಕಸದ ಗಾಡಿ ಬಂದಿಲ್ಲ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ಮೊದಲಿನಿಂದ ಹೇಳಿದೆ. ದೀಪ ಹಚ್ಚಿದ ಮೇಲೆ ನಾವು ಕೊಡುವುದಿಲ್ಲ, ಅವಳು ಕೇಳುವುದಿಲ್ಲ, ಅದಕ್ಕೆ ಗಾಡಿ ಖಾಲಿ ಇರುತ್ತಿತ್ತು, ಅವಳದೇನೂ ಸೋಮಾರಿತನವಲ್ಲ. ಸಾಹೇಬರು ಕೇಳುತ್ತ ಕೇಳುತ್ತ ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟರು. "ಇದನ್ನ ನಂಗೆ ಯಾರೂ ಹೇಳ್ಲೇ ಇಲ್ವಲ್ರಿ" ಎಂದರು. ನೀವು ಕೇಳಿದರೆ ತಾನೇ ಎನ್ನಬೇಕೆಂದಿದ್ದೆ. ಮನೆಗೆ ಬಂದವರು ಎಂದು ಬಿಟ್ಟೆ.

ಕತ್ತಲು ಗಟ್ಟಿಯಾಯಿತು. ಹಾಡು ನಿಂತಿತು, ಕಡಲೆ ಮುಗಿಯಿತು. ಸಾಹೇಬರು ದಿವ್ಯಳಿಗೆ ಫೋನು ಮಾಡಿದರೆ ಅವಳು ಎತ್ತಲಿಲ್ಲ. ಸೊಳ್ಳೆಗಳು ಮಾತ್ರ ಹೊತ್ತಿಗೆ ಸರಿಯಾಗಿ ಬಂದವು. ಆಗ ಎದುರು ಕಟ್ಟೆಯಿಂದ ಕಡ್ಡಿಪೆಟ್ಟಿಗೆ ಅಲ್ಲಾಡಿದ ಸದ್ದು ಕೇಳಿಸಿತು.

"ಬಂಗಾರಮ್ಮ" ಎಂದೆ.

"ಸುಮ್ನೆ ಕೈಯಾಗೆ ಹಿಡ್ಕಂಡೀನಿ ಅಕ್ಕ" ಎಂದಳು. ಅವಳ ದನಿಯಲ್ಲಿ ಅಳು ಇತ್ತು. "ಒಂದಿನನೂ ಹಿಂಗ್ ಮಾಡಿಲ್ಲ ನಾನು. ಏನಾರ ಕೆಟ್ಟದ್ದಾದ್ರೆ?"

ಸಾಹೇಬರೂ ಮೆತ್ತಗೆ ಹೇಳಿದರು: "ಹಚ್ಬಿಡ್ರಮ್ಮ. ಗಾಡಿ ಎಲ್ಲೋ ಕೆಟ್ಟು ನಿಂತಿರ್ಬೇಕು. ಇವತ್ತಿನ್ನು ಬರಲ್ಲ."

ಸುಳ್ಳೇಕೆ ಹೇಳಲಿ, ಬಂಗಾರಮ್ಮನಿಗಿಂತ ಹೆಚ್ಚು ಹೆದರಿದ್ದು ನಾನೇ. ಮದುವೆಯಾಗಿ ಬಂದಾಗಿನಿಂದ ಈ ಹೊಸ್ತಿಲು ಇಷ್ಟು ಹೊತ್ತು ಕತ್ತಲಾಗಿ ಇದ್ದದ್ದಿಲ್ಲ. ಆದರೆ ಒಂದು ಮನೆಯಲ್ಲಿ ದೀಪ ಹತ್ತಿದರೆ ಎಲ್ಲ ಮನೆಯಲ್ಲೂ ಹತ್ತುತ್ತದೆ. ಆಮೇಲೆ ಆ ಹುಡುಗಿ ಬಂದರೂ ದೀಪ ನೋಡಿ, ತಲೆ ತಗ್ಗಿಸಿ, ಸುಮ್ಮನೆ ಹೋಗುತ್ತಾಳೆ. ನಾಳೆಯಿಂದ ಬರುವುದೇ ಇಲ್ಲ. ಬಾ ಎಂದು ಕರೆದವಳು ನಾನು.

"ಇನ್ನೊಂದು ಗಳಿಗೆ" ಎಂದೆ. "ನನ್ನ ಮಾತು ಅಂತ ಇಟ್ಕೊಳ್ಳಿ. ಪಾಪ ಬಂದ್ರೆ ನನ್ನ ತಲೆ ಮೇಲೆ ಬರ್ಲಿ."

ಕಡ್ಡಿಪೆಟ್ಟಿಗೆ ಸುಮ್ಮನಾಯಿತು.

ಹಾಡು ಕೇಳಿಸಲಿಲ್ಲ. ಕೇಳಿಸಿದ್ದು ಕಿರ್ರೋ ಎನ್ನುವ ಚಕ್ರದ ಸದ್ದು. ದೊಡ್ಡ ರಸ್ತೆಯ ಬೆಳಕಿನಿಂದ ನಮ್ಮ ಕತ್ತಲೊಳಗೆ ಒಂದು ತಳ್ಳುಗಾಡಿ ಬಂತು. ಅದರ ಮೇಲೆ ಒಂದು ಡ್ರಮ್ಮು, ಒಂದು ದೊಡ್ಡ ಗೋಣಿಚೀಲ. ಹಿಂದೆ ಎರಡು ಜಡೆ.

ಆಟೋ ಘಟಕದ ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ, ಅವಸರದಲ್ಲಿ ಅವಳ ಫೋನು ಅದರಲ್ಲೇ ಉಳಿದುಬಿಟ್ಟಿತ್ತಂತೆ. ಅಲ್ಲಿಂದ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದು, ಬಾಳೆಹಣ್ಣು ಮಾರುವ ತುಂಗಮ್ಮನ ಗಾಡಿಯನ್ನು ಕಾಡಿ ಬೇಡಿ ಇಸಿದುಕೊಂಡು ತಳ್ಳಿಕೊಂಡು ಬಂದಿದ್ದಾಳೆ. ಬೆವರಿನಿಂದ ಅಂಗಿ ಒದ್ದೆಯಾಗಿತ್ತು.

"ಇಷ್ಟೊತ್ತಾದ್ಮೇಲೆ ಬರ್ದಿದ್ರೂ ನಡೀತಿತ್ತಲ್ಲಮ್ಮ" ಎಂದರು ಸಾಹೇಬರು.

"ದೀಪ ಹಚ್ಚಲ್ಲ ಅಂದಿದ್ರಲ್ರೀ ಅಮ್ಮಾರು" ಎಂದಳು ದಿವ್ಯ. "ಇವ್ರು ಅಂದ್ರೆ ಅಂದಂಗೇ ಅಂತ ಊರೆಲ್ಲಾ ಹೇಳ್ತಾರೆ. ಕತ್ಲಾಗೆ ಕುಂತಿರ್ತಾರೆ ಅಂತ ಗೊತ್ತಿದ್ದು ಮನಿಗೆ ಹೆಂಗ್ ಹೋಗ್ಲಿ?"

ನನ್ನ ಸಿಟ್ಟಿನ ಖ್ಯಾತಿ ಒಂದು ದಿನವಾದರೂ ಉಪಯೋಗಕ್ಕೆ ಬಂತಲ್ಲ ಎಂದು ಸಮಾಧಾನವಾಯಿತು.

ಮೊದಲು ನಮ್ಮ ಮನೆಯ ಬಕೀಟುಗಳು. ಹಸಿರಿನದು ಡ್ರಮ್ಮಿಗೆ, ನೀಲಿಯದು ಚೀಲಕ್ಕೆ. ಆಮೇಲೆ ಯಜಮಾನರು ದೊಡ್ಡ ಮನಸ್ಸು ಮಾಡಿ ಒಳಗಿನಿಂದ ಪೇಪರು ಸುತ್ತಿದ ಗಂಟೊಂದನ್ನು ತಂದು ಡ್ರಮ್ಮಿನೊಳಗೆ ಹಾಕಲು ಹೋದರು. ದಿವ್ಯ ಕೈ ಅಡ್ಡ ಹಿಡಿದಳು. ಸಾಹೇಬರು ನಿಂತಿದ್ದಾರೆ, ಕೆಲಸ ಉಳಿಯುತ್ತದೋ ಇಲ್ಲವೋ ಎನ್ನುವ ಹೊತ್ತು, ಆದರೂ ಅಡ್ಡ ಹಿಡಿದಳು.

"ಇದ್ರಾಗೆ ಏನೈತ್ರೀ ಸಾವ್ಕಾರ್ರೆ?"

"ಕಸಾನೇ ಕಣಮ್ಮ."

"ಬಿಚ್ಚಿ ಕೊಡ್ರಿ. ಇದು ಗೊಬ್ರ ಆಗ್ಬೇಕು, ಯಾರ್ದೋ ಹೊಲಕ್ಕೆ ಹೋಗ್ತದೆ."

ಬಿಚ್ಚಿದರು. ಬಾಳೆಸಿಪ್ಪೆ, ಚಹಾಪುಡಿ, ಎರಡು ಬ್ಲೇಡು, ಒಂದು ಒಡೆದ ಬಲ್ಬು. ಶಿರಾಳಕೊಪ್ಪದ ಗೌರವಸ್ಥ ಪಾತ್ರೆ ವ್ಯಾಪಾರಿ ಗುರುಮಲ್ಲಪ್ಪನವರು ನಡುಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಸಿಪ್ಪೆ ಬೇರೆ ಬ್ಲೇಡು ಬೇರೆ ಮಾಡಿದರು. ಮುಖ್ಯಾಧಿಕಾರಿಗಳು ಮೊಬೈಲಿನ ಬೆಳಕು ಹಿಡಿದರು. ಕತ್ತಲಲ್ಲಿ ಇಡೀ ಓಣಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿತು. ನಾನಂತೂ ಒತ್ತಿಕೊಳ್ಳಲಿಲ್ಲ.

ಅದನ್ನು ನೋಡಿದ ಮೇಲೆ ಉಳಿದ ಮನೆಗಳ ಗಂಟುಗಳು ಗಾಡಿ ಬರುವ ಮೊದಲೇ ತಾವಾಗಿ ಬಿಚ್ಚಿಕೊಂಡವು. ನಾಲ್ಕು ಮನೆ ದಾಟುವಷ್ಟರಲ್ಲಿ ತಳ್ಳುಗಾಡಿ ಭಾರವಾಯಿತು. ಸಾಹೇಬರು ಒಂದು ಕಡೆ ಕೈ ಕೊಟ್ಟರು, ಬಂಗಾರಮ್ಮನ ಗಂಡ ಇನ್ನೊಂದು ಕಡೆ. ತಮ್ಮ ಮನೆಯ ಕಸ ಹೋಯಿತೆಂದು ಯಾರೂ ಕಡ್ಡಿ ಗೀರಲಿಲ್ಲ. ನಾನು ಹಾಗೆಂದು ಹೇಳಿರಲಿಲ್ಲ. ಗುಡ್ಡಮ್ಮನ ಮನೆಯವರೆಗೆ ಆಗಲಿ ಎಂದು ಅವರೇ ಕೂತರು.

ತುದಿಯಲ್ಲಿ ಗುಡ್ಡಮ್ಮನ ಬಕೀಟು ಖಾಲಿಯಾದದ್ದು ಇಲ್ಲಿಗೆ ಕಾಣಿಸಲಿಲ್ಲ. ಕಾಣಿಸಿದ್ದು ಅಲ್ಲಿ ಹತ್ತಿದ ಒಂದು ದೀಪ. ಆಮೇಲೆ ಅದರ ಪಕ್ಕದ ಮನೆ, ಅದರ ಎದುರು ಮನೆ. ಹೊಸ್ತಿಲ ದೀಪಗಳು ಒಂದೊಂದಾಗಿ ಆ ತುದಿಯಿಂದ ನಮ್ಮ ಕಡೆಗೆ ಬರತೊಡಗಿದವು. ಬೆಳಕಿನ ಜೊತೆಗೇ ಸಾಹೇಬರೂ ಕೈ ಒರೆಸಿಕೊಳ್ಳುತ್ತ ವಾಪಸು ಬಂದರು.

"ಸಂಜೆ ಟ್ರಿಪ್ ಹಿಂಗೇ ಇರ್ಲಿ, ಹುಡುಗಿನೂ ಇರ್ಲಿ" ಎಂದರು. "ಹೊತ್ತು ಮಾತ್ರ ಇನ್ಮುಂದೆ ನಿಮ್ಮನ್ನ ಕೇಳಿ ಇಡ್ತೀನಿ." ಬೈಕು ಹತ್ತಿ ಹೋದರು. ಅವರ ಬಿಳಿ ಅಂಗಿಯ ಬೆನ್ನಿಗೆ ಬಾಳೆಸಿಪ್ಪೆಯೊಂದು ಅಂಟಿತ್ತು. ಹೇಳಬೇಕು ಎನ್ನುವಷ್ಟರಲ್ಲಿ ದಾಟಿ ಹೋದರು.

ದಿವ್ಯ ನಮ್ಮ ನಲ್ಲಿಯಲ್ಲಿ ಕೈಕಾಲು ತೊಳೆದಳು. ಕೆಲಸ ಉಳಿಯಿತು ಎಂದು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಫೋನು ಕೇಳಿ ಪಡೆದು, ನಂಬರು ಒತ್ತಿ, "ಅವ್ವಾ, ಎಲ್ಲಾ ಮುಗೀತು. ಇನ್ ಹಚ್ಚು" ಎಂದಳು.

"ಎಂತದು ಹಚ್ಚೋದು?" ಎಂದೆ.

"ದೀಪ ರೀ ಅಮ್ಮಾರೆ." ಹೇಳಲು ಅವಳಿಗೆ ನಾಚಿಕೆಯಾಯಿತು. "ಮಗಳ ಕೈಯಾಗೆ ಊರ ಕಸ ಇರೋತಂಕ ನಾ ಹೆಂಗ್ ದೀಪ ಹಚ್ಲಿ ಅಂತಾಳೆ ನಮ್ಮವ್ವ. ನನ್ ಕೆಲ್ಸ ಮುಗ್ದು ಫೋನ್ ಮಾಡೋತಂಕ ಕಾಯ್ತಾಳೆ. ನಾನು ಗಾಡಿ ಹತ್ತಿದ್ ದಿನದಿಂದ್ಲೂ ಹಂಗೇ."

ಒಂದು ಸಂಜೆ ಕತ್ತಲಲ್ಲಿ ಕೂತಿದ್ದಕ್ಕೆ ನಾನು ಎಷ್ಟು ದೊಡ್ಡವಳಾಗಿಬಿಟ್ಟಿದ್ದೆ. ತಾಳಗುಂದದ ಆ ಮನೆಯಲ್ಲಿ ಒಬ್ಬಳು ನಮ್ಮೂರಿನ ಕಸಕ್ಕಾಗಿ ದಿನಾ ಹೀಗೆ ಕೂತಿದ್ದಳು, ಯಾರಿಗೂ ಗೊತ್ತಿರಲಿಲ್ಲ.

"ಕೊಡಿಲ್ಲಿ" ಎಂದು ಫೋನು ತೆಗೆದುಕೊಂಡೆ. ಎಲ್ಲ ಮನೆಯಲ್ಲೂ ದೀಪ ಹತ್ತಿತ್ತು, ನಮ್ಮದೊಂದು ಉಳಿದಿತ್ತು. ಹೊಸ್ತಿಲ ಮುಂದೆ ಕೂತು, "ಅಕ್ಕಾ, ನಾನು ಶಿರಾಳಕೊಪ್ಪದಿಂದ ಶಕುಂತಲಮ್ಮ" ಎಂದೆ. "ಸ್ವಲ್ಪ ತಡೀರಿ, ನಾನೂ ಇನ್ನೂ ಹಚ್ಚಿಲ್ಲ. ಕಡ್ಡಿ ತಗೊಳ್ಳಿ, ಒಟ್ಟಿಗೆ ಹಚ್ಚೋಣ."

ಆ ಕಡೆಯಿಂದ ಕಡ್ಡಿ ಗೀರಿದ ಸದ್ದು ಕೇಳಿಸಿತು. ನಾನೂ ಗೀರಿದೆ.